ನಿಂತವರ ಅಳತೆ, ಓಡುವವರ ಬಟ್ಟೆ

ಹೊಲಿಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಕಡುನೀಲಿ ಬಟ್ಟೆಯ ಸುರುಳಿಯೊಂದು ಗೋಡೆಗೆ ಒರಗಿ ನಿಂತಿತ್ತು. ಎಳೆದರೆ ಹಿಗ್ಗಿ, ಬಿಟ್ಟರೆ ಕುಗ್ಗಿ, ಬೆವರು ಕುಡಿದು ಬೇಗ ಒಣಗುವ ಬಟ್ಟೆ. ಈ ಬಗೆಯದನ್ನು ಇನ್ನು ತಯಾರಿಸುವುದಿಲ್ಲ ಎಂದು ಗಿರಣಿಯವರು ಹೇಳಿಬಿಟ್ಟಿದ್ದರು. ಒಮ್ಮೆ ಕತ್ತರಿ ಹಾಕಿ ತಪ್ಪಿದರೆ ಇಂಥದ್ದು ಇನ್ನೊಂದು ಸಿಗುವ ಹಾಗಿರಲಿಲ್ಲ. ಟೈಲರಮ್ಮ ಹೋಗುತ್ತಾ ಬರುತ್ತಾ ಅದರ ಮೇಲೆ ಕೈಯಾಡಿಸುತ್ತಿದ್ದಳು, ಬಿಚ್ಚುತ್ತಿರಲಿಲ್ಲ.

ಹೆಚ್ಚುಕಡಿಮೆ ಇಪ್ಪತ್ತು ವರ್ಷ ಆಕೆ ಹೊಲಿದದ್ದು ಶಾಲೆಯ ಯೂನಿಫಾರಂ. ರೆಡಿಮೇಡ್ ಬಂದ ಮೇಲೆ ಉಳಿದದ್ದು ರಿಪೇರಿ: ಉದ್ದವಾದದ್ದನ್ನು ಮೋಟು ಮಾಡುವುದು, ಕೆಟ್ಟ ಜಿಪ್ ಬದಲಿಸುವುದು. ಆಮೇಲೆ ಓಡುವ ಹೆಂಗಸರು ತಮ್ಮ ಬಿಗಿ ಪ್ಯಾಂಟುಗಳನ್ನು ತರಲಾರಂಭಿಸಿದರು. ಒಬ್ಬಳಿಗೆ ಕಾಲು ಉದ್ದ, ಇನ್ನೊಬ್ಬಳಿಗೆ ಬಗ್ಗಿದರೆ ಬಟ್ಟೆ ಪಾರದರ್ಶಕ, ಬೀಗದ ಕೈ ಇಡಲು ಜೇಬಿಲ್ಲ ಎಂಬ ದೂರು ಎಲ್ಲರದೂ. ಬೇರೆಯವರು ಮಾಡಿದ ತಪ್ಪನ್ನು ಜೀವನವಿಡೀ ತಿದ್ದಿ ಟೈಲರಮ್ಮನಿಗೆ ಸಾಕಾಗಿತ್ತು. ಒಂದೇ ಒಂದು ಬಟ್ಟೆಯಾದರೂ ಮೊದಲ ಗೆರೆಯಿಂದ ಕೊನೆಯ ಹೊಲಿಗೆಯವರೆಗೆ ತನ್ನದಾಗಿರಲಿ ಎಂದು ಹಟ ಹಿಡಿದಳು. ಆ ಹಟದಲ್ಲೇ ಸುರುಳಿ ಅಂಗಡಿಗೆ ಬಂದದ್ದು.

ದಾರಿ ತೋರಿಸಿದ್ದು ವ್ಯಾಪಾರಿಗಳ ಕೂಟ. ವಾರಕ್ಕೊಂದು ಬೆಳಿಗ್ಗೆ ಹೋಟೆಲೊಂದರ ಮಹಡಿಯ ಹಾಲ್‌ನಲ್ಲಿ ಬೇರೆಬೇರೆ ಕಸುಬಿನವರು ಕಾಫಿಗೆ ಸೇರುತ್ತಿದ್ದರು. ಒಬ್ಬೊಬ್ಬರೂ ಎದ್ದು ತಮ್ಮ ಕೆಲಸದ ಬಗ್ಗೆ ಒಂದು ನಿಮಿಷ ಮಾತಾಡಬೇಕು. ಕೊನೆಗೆ ಧನ್ಯವಾದದ ಸುತ್ತು: ಯಾರಿಂದ ಗಿರಾಕಿ ಬಂದರೋ ಅವರನ್ನು ಹೊಗಳುವುದು. ಆ ಹಾಲ್‌ನಲ್ಲಿ ಯಾರೂ ಯಾರ ಕೊರತೆಯನ್ನೂ ಎತ್ತುತ್ತಿರಲಿಲ್ಲ. ಹಾಗೆಂದು ಯಾರೂ ನಿಯಮ ಮಾಡಿರಲಿಲ್ಲ, ಆದರೆ ಅಷ್ಟು ಚೆನ್ನಾಗಿ ಪಾಲನೆಯಾಗುತ್ತಿದ್ದ ನಿಯಮ ಇನ್ನೊಂದಿರಲಿಲ್ಲ.

ಕೂಟದ ಅಧ್ಯಕ್ಷರು ಟೈಲ್ಸ್ ವ್ಯಾಪಾರಿ. ಅವರು ಇಬ್ಬಿಬ್ಬರನ್ನು ಜೋಡಿ ಮಾಡಿ, ಸೇರಿ ಏನಾದರೂ ಮಾಡಿ ಎಂದಾಗ ಟೈಲರಮ್ಮನಿಗೆ ಸಿಕ್ಕಿದ್ದು ಆಟದ ಮೈದಾನದಲ್ಲಿ ಹೆಂಗಸರಿಗೆ ಓಟ ಕಲಿಸುವ ಕೋಚ್. ಮಾತು ಬೇಗ ಮುಗಿಯಿತು. ಟೈಲರಮ್ಮ ಬೇರೆ ಬಟ್ಟೆಯಲ್ಲಿ ಮಾದರಿ ಪ್ಯಾಂಟುಗಳನ್ನು ಹೊಲಿದು ಕೊಡುವುದು. ಕೋಚ್‌ನ ಹೆಂಗಸರು ಒಂದು ತಿಂಗಳು ಹಾಕಿಕೊಂಡು ಓಡಿ ಹೇಗಿದೆ ಹೇಳುವುದು. ಸರಿಯಾಗಿದ್ದರೆ ಇಡೀ ತಂಡಕ್ಕೆ ನೀಲಿ ಸುರುಳಿಯಿಂದ ಹೊಲಿಯುವುದು.

ಅಳತೆಗೆ ಎಲ್ಲರೂ ಅಂಗಡಿಗೇ ಬಂದರು. ಕನ್ನಡಿಯ ಮುಂದೆ ನೆಟ್ಟಗೆ ನಿಂತು, ಹೊಟ್ಟೆ ಒಳಗೆಳೆದುಕೊಂಡು ಅಳತೆ ಕೊಟ್ಟರು. ಕೊನೆಯಲ್ಲಿ ಬಂದದ್ದು ಟೈಲರಮ್ಮನ ಅತ್ತೆ. ಮಂಡಿ ನೋವಿಗೆ ನಡೆಯಲೇಬೇಕು ಎಂದು ಡಾಕ್ಟರು ಹೇಳಿದ ಮೇಲೆ ಅವರೂ ಅದೇ ಮೈದಾನಕ್ಕೆ ಹೋಗುತ್ತಿದ್ದರು.

"ನಂಗೂ ಒಂದು ಹೊಲಿ."

"ನಿಮಗ್ಯಾಕೆ ಅತ್ತೆ? ನೀವು ಓಡಲ್ವಲ್ಲ."

"ಓಡೋರ ಮಧ್ಯೆ ನಡೆಯೋದು ಓಡೋದಕ್ಕಿಂತ ಕಷ್ಟ. ಅಳತೆ ತಗೋ, ಸುಮ್ನೆ ಮಾತಾಡಬೇಡ."

ತಿಂಗಳು ಕಳೆಯಿತು. ಕೋಚ್ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತಳು. "ಎಲ್ರೂ ಸೂಪರ್ ಅಂದ್ರು ಅಕ್ಕ. ಬಟ್ಟೆ ಸೂಪರ್, ಜೇಬು ಸೂಪರ್. ನೀವು ಕಟಿಂಗ್ ಶುರು ಮಾಡಿ."

ಟೈಲರಮ್ಮನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಮನೆಗೆ ಹೋಗಿ ಅತ್ತೆಗೂ ಗಂಡನಿಗೂ ಹೇಳಿದಳು. ಗಂಡ ಟಿವಿಯಿಂದ ಕಣ್ಣು ಕೀಳದೆ ಒಳ್ಳೇದಾಯ್ತು ಎಂದ. ಅತ್ತೆ ಮಂಡಿಗೆ ಎಣ್ಣೆ ಹಚ್ಚುತ್ತಾ ಹೇಳಿದರು:

"ಜಾರುತ್ತೆ."

"ಏನು?"

"ನಿನ್ನ ಪ್ಯಾಂಟು. ಹಿಂದಿನಿಂದ ಜಾರುತ್ತೆ."

"ಬೇರೆ ಯಾರೂ ಹಾಗೆ ಹೇಳಲಿಲ್ಲವಲ್ಲ."

"ಬೇರೆ ಯಾರೂ ನಿನ್ನ ಅತ್ತೆ ಅಲ್ಲವಲ್ಲ."

ಟೈಲರಮ್ಮ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಮದುವೆಯ ಫೋಟೋದಲ್ಲಿ ಸೊಸೆ ಲಕ್ಷಣವಾಗಿ ಕಂಡಾಗಲೂ ಫೋಟೋದವನು ಚೆನ್ನಾಗಿ ತೆಗೆದಿದ್ದಾನೆ ಎಂದವರು ಇವರು. ಆ ಮನೆಯಲ್ಲಿ ಅತ್ತೆ ಸೊಸೆಯನ್ನು ಹೊಗಳಿದ್ದೂ ಇಲ್ಲ, ಸೊಸೆ ಅದಕ್ಕೆ ಕಾದು ಕೂತದ್ದೂ ಇಲ್ಲ. ಇಬ್ಬರೂ ಹಾಗೇ ಚೆನ್ನಾಗಿದ್ದರು.

ಮಾರನೆಯ ಬೆಳಿಗ್ಗೆ ಬೇಗನೆ ಅಂಗಡಿ ತೆರೆದು ಸುರುಳಿಯನ್ನು ಉದ್ದ ಮೇಜಿನ ಮೇಲೆ ಬಿಚ್ಚಿದಳು. ಕಾಗದದ ಮಾದರಿ ಇಟ್ಟು ಸೀಮೆಸುಣ್ಣದಿಂದ ಗೆರೆ ಎಳೆದಳು. ಕತ್ತರಿ ಕೈಗೆ ಬಂತು. ಸೊಂಟದ ಗೆರೆಯಿಂದ ಕತ್ತರಿಸಲು ಹೊರಟಾಗ "ಜಾರುತ್ತೆ" ಎಂಬ ಮಾತು ಹಲ್ಲಿಗೆ ಸಿಕ್ಕ ನಾರಿನಂತೆ ಕಾಡಿತು. ಅತ್ತೆಯ ಬಾಯಿ ಮುಚ್ಚಿಸಿಯೇ ಕತ್ತರಿಸೋಣ ಎಂದುಕೊಂಡು ಕತ್ತರಿ ಕೆಳಗಿಟ್ಟು, ಅಂಗಡಿಗೆ ಬೀಗ ಹಾಕಿ ಮೈದಾನದ ಕಡೆ ಹೊರಟಳು.

ಇಡೀ ತಿಂಗಳಲ್ಲಿ ಆಕೆ ಅಲ್ಲಿಗೆ ಹೋದದ್ದು ಅದೇ ಮೊದಲು.

ಹೆಂಗಸರು ಸುತ್ತು ಹಾಕುತ್ತಿದ್ದರು. ದೂರದಿಂದ ಪ್ಯಾಂಟುಗಳು ಚೆನ್ನಾಗಿಯೇ ಕಂಡವು. ಹತ್ತಿರ ಬಂದಂತೆ ಕೈಗಳು ಕಂಡವು. ಮುಂದಿದ್ದವಳು ನಾಲ್ಕು ಹೆಜ್ಜೆ ಓಡಿ ಬಲಗೈಯನ್ನು ಬೆನ್ನ ಹಿಂದೆ ಒಯ್ದು ಸೊಂಟಪಟ್ಟಿ ಮೇಲೆಳೆದುಕೊಂಡಳು. ಅವಳ ಹಿಂದಿನವಳೂ ಎಳೆದಳು. ಮೂರನೆಯವಳಿಗೆ ಟೈಲರಮ್ಮ ಕಂಡಳು.

"ಅಕ್ಕಾ, ಸೂಪರ್ ಪ್ಯಾಂಟು," ಎಂದು ಒಂದು ಕೈ ಬೀಸಿ, ಇನ್ನೊಂದು ಕೈಯಿಂದ ಎಳೆದುಕೊಂಡು ಮುಂದಕ್ಕೆ ಓಡಿದಳು.

ಎಲ್ಲರ ಕೊನೆಯಲ್ಲಿ ಅತ್ತೆ ಬಿರುಸಾಗಿ ನಡೆದು ಬಂದರು. ನಿಲ್ಲದೆಯೇ ಹೇಳಿದರು: "ನೋಡಿದ್ಯಾ? ಇಲ್ಲಿ ಎಲ್ರಿಗೂ ಒಂದೇ ಕೈ ಬಿಡುವು."

ಟೈಲರಮ್ಮ ಕೋಚ್‌ನ ಪಕ್ಕ ಹೋಗಿ ನಿಂತಳು. ಕೋಚ್ ಹಾಕಿಕೊಂಡಿದ್ದೂ ಅದೇ ಪ್ಯಾಂಟು. ಅಂಗಿಯ ತುದಿಯ ಕೆಳಗೆ, ಸೊಂಟಪಟ್ಟಿಯ ಮಡಿಕೆಯಲ್ಲಿ ಪಿನ್ನೊಂದು ಮಿನುಗುತ್ತಿತ್ತು.

"ಪಿನ್ನು ಯಾಕಮ್ಮ?"

ಕೋಚ್ ಅಂಗಿ ಕೆಳಗೆಳೆದುಕೊಂಡಳು. "ಅದು... ಸುಮ್ನೆ."

"ಒಂದು ಮಾತು ಹೇಳಬಾರದಿತ್ತಾ?"

"ಹೇಗೆ ಹೇಳ್ಲಿ ಅಕ್ಕ? ಕೂಟದಲ್ಲಿ ಅಷ್ಟು ಜನರ ಮುಂದೆ ನೀವು ನನ್ನ ಕ್ಲಾಸನ್ನ ಎಷ್ಟು ಹೊಗಳಿದ್ರಿ. ಇವರಿಗೂ ನಾನೇ ಹೇಳಿದ್ದೆ, ಟೈಲರ್ ಮೇಡಂ ನಮ್ಮವರು, ಚೆನ್ನಾಗಿದೆ ಅನ್ನಿ ಅಂತ."

"ನಾನು ಹೊಗಳಿದ್ದು ನಿಜವಾಗ್ಲೂ ಚೆನ್ನಾಗಿದೆ ಅಂತ ಅಲ್ಲಮ್ಮ. ನಿನ್ನ ಕ್ಲಾಸ್ ನಾನು ನೋಡಿರೋದೇ ಇವತ್ತು."

ಮೊದಲು ಯಾರು ನಕ್ಕರೋ ಗೊತ್ತಾಗಲಿಲ್ಲ. ಅತ್ತೆ ಮತ್ತೊಂದು ಸುತ್ತು ಬರುವವರೆಗೂ ಇಬ್ಬರ ನಗು ನಿಂತಿರಲಿಲ್ಲ.

ತಪ್ಪು ಎಲ್ಲಿದೆಯೆಂದು ಹುಡುಕುವುದು ಕಷ್ಟವಾಗಲಿಲ್ಲ. ನಿಂತವರ ಅಳತೆಯಲ್ಲಿ ಓಡುವವರ ಬಟ್ಟೆ ಹೊಲಿದದ್ದಾಗಿತ್ತು. ಮಂಡಿ ಮೇಲೆದ್ದಾಗ ಹಿಂಭಾಗದ ಬಟ್ಟೆ ಸಾಲದೆ ಸೊಂಟಪಟ್ಟಿಯನ್ನು ಕೆಳಕ್ಕೆ ಎಳೆಯುತ್ತಿತ್ತು. ಹೆಂಗಸರು ಮತ್ತೆ ಅಂಗಡಿಗೆ ಬಂದರು. ಈ ಸಲ ಟೈಲರಮ್ಮ ಅವರನ್ನು ಕೂರಿಸಿದಳು, ಬಗ್ಗಿಸಿದಳು, ಒಂದೊಂದೇ ಮಂಡಿ ಎತ್ತಿಸಿ ಹಿಂದಿನಿಂದ ಟೇಪು ಹಿಡಿದಳು. ಪಕ್ಕದ ಕನ್ನಡಕದ ಅಂಗಡಿಯವರು, ಅವರೂ ಕೂಟದವರೇ, ಧಡಧಡ ಸದ್ದು ಕೇಳಿ ಬಾಗಿಲ ಪರದೆಯ ಆಚೆಯಿಂದ ಕೇಳಿದರು: "ಮೇಡಂ, ಒಳಗೆ ಹೊಲಿಗೆನಾ, ಕವಾಯತಾ?"

"ಎರಡೂ. ನಿಮಗೂ ಹೊಟ್ಟೆ ಇದೆ, ಬರೋದಾದ್ರೆ ಆಮೇಲೆ ಬನ್ನಿ," ಎಂದರು ಅತ್ತೆ ಒಳಗಿಂದಲೇ.

ಆ ವಾರದ ಕೂಟದಲ್ಲಿ ಧನ್ಯವಾದದ ಸುತ್ತು ಟೈಲರಮ್ಮನ ಬಳಿ ಬಂತು. ಕೋಚ್ ಎದುರಿಗೇ ಕೂತಿದ್ದಳು.

"ನಾನು ಹೊಲಿದ ಪ್ಯಾಂಟು ಜಾರುತ್ತೆ," ಎಂದಳು ಟೈಲರಮ್ಮ. "ಒಂದು ತಿಂಗಳು ಎಲ್ರೂ ಚೆನ್ನಾಗಿದೆ ಅಂದ್ರು. ಸ್ವಲ್ಪದರಲ್ಲಿ ಬಟ್ಟೆಯೆಲ್ಲ ಹಾಳಾಗ್ತಿತ್ತು."

ಅಧ್ಯಕ್ಷರು ಕೆಮ್ಮಿದರು. "ಮೇಡಂ, ಇದು ಧನ್ಯವಾದದ ಸುತ್ತು."

"ಅದಕ್ಕೇ ಸಾರ್. ನಮ್ಮ ಅತ್ತೆಗೆ ಧನ್ಯವಾದ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಕನ್ನಡಕದ ಅಂಗಡಿಯವರು ಕುರ್ಚಿಯಲ್ಲಿ ಮಿಸುಕಾಡಿ, "ಮಾತು ಬಂತು ಅಂತ ಹೇಳ್ತೀನಿ ಸಾರ್. ನಮ್ಮ ಬಚ್ಚಲಿಗೆ ಹಾಕಿದ ನಿಮ್ಮ ಟೈಲ್ಸೂ ಸ್ವಲ್ಪ ಹಾಗೇನೆ," ಎಂದರು. ಅಧ್ಯಕ್ಷರು ನಗಲೋ ಬೇಡವೋ ಎಂದು ಯೋಚಿಸಿ, ಎಲ್ಲರೂ ನಗುತ್ತಿದ್ದುದರಿಂದ ತಾವೂ ನಕ್ಕರು. ಕೋಚ್ ಎದ್ದು ನಿಂತು, ತನ್ನ ಕ್ಲಾಸಿನಲ್ಲಿ ಇನ್ನು ಪ್ಯಾಂಟಿನ ಒಂದು ಕೊರತೆಯನ್ನಾದರೂ ಹೇಳದೆ ಯಾರೂ ಮನೆಗೆ ಹೋಗುವ ಹಾಗಿಲ್ಲ ಎಂದಳು.

ಕೊರತೆಗಳು ಬಂದವು. ಜೇಬಿನಲ್ಲಿ ಬೀಗದ ಕೈ ಕುಣಿಯುತ್ತದೆ, ತೊಡೆಯ ಹೊಲಿಗೆ ಉಜ್ಜುತ್ತದೆ. ಟೈಲರಮ್ಮ ಬಿಚ್ಚಿ ಹೊಲಿದಳು, ಮತ್ತೆ ಬಿಚ್ಚಿದಳು. ಹಿಂಭಾಗ ಎತ್ತರಿಸಿ, ಸೊಂಟಪಟ್ಟಿ ಅಗಲ ಮಾಡಿ ಹೊಲಿದ ಹೊಸ ಮಾದರಿಯನ್ನು ಎಲ್ಲರಿಗೂ ಹಂಚಿದಳು. ಓಡುವವರ ಕೈಗಳು ಸೊಂಟ ಬಿಟ್ಟು ತಮ್ಮ ಜಾಗಕ್ಕೆ ಬಂದವು ಎಂದು ಕೋಚ್ ಹೇಳಿದಳು. ಟೈಲರಮ್ಮ ಆದರೂ ಸುರುಳಿ ಮುಟ್ಟಲಿಲ್ಲ. ಅತ್ತೆ ಇನ್ನೂ ಏನೂ ಹೇಳಿರಲಿಲ್ಲ.

ಒಂದು ದಿನ ಮೈದಾನದಿಂದ ಅವರು ನೇರವಾಗಿ ಅಂಗಡಿಗೇ ಬಂದರು. ಸ್ಟೂಲಿನ ಮೇಲೆ ಕೂತು ನೀರು ಕುಡಿದರು. ಸೊಸೆ ಕೇಳಲಿಲ್ಲ, ಕಾದಳು.

"ಇನ್ನೊಂದು ಹೊಲಿ," ಎಂದರು ಅತ್ತೆ. "ಇದನ್ನ ಒಗೆದು ಹಾಕಿದ ದಿನ ನಾನೇನು ಹಾಕ್ಕೊಳ್ಳಲಿ?"

ಟೈಲರಮ್ಮ ಎದ್ದು ಸುರುಳಿಯನ್ನು ಮೇಜಿನ ಮೇಲೆ ಬಿಚ್ಚಿದಳು. ಹಳೆಯ ಸೀಮೆಸುಣ್ಣದ ಗೆರೆಗಳನ್ನು ಒದ್ದೆ ಬಟ್ಟೆಯಿಂದ ಒರೆಸಿದಳು. ಅತ್ತೆ ಎದ್ದು ಬಂದು ಇನ್ನೊಂದು ತುದಿ ಹಿಡಿದರು.

"ಎಳೀಬೇಡಿ ಅತ್ತೆ, ಹಿಗ್ಗುತ್ತೆ."

"ಗೊತ್ತು ಕಣೆ. ಒಂದು ತಿಂಗಳು ಎಳ್ಕೊಂಡೇ ತಿರುಗಿದೀನಿ."

ಟೈಲರಮ್ಮ ಸೊಂಟದ ಗೆರೆಯಿಂದಲೇ ಕತ್ತರಿ ಹಾಕಿದಳು.