ಮಕ್ಕಳಿಗಿಂತ ಮೊದಲು ಬೀಳುವವರು

ಬೆಳಗಿನ ಆರೂಕಾಲು. ಪ್ರಾಥಮಿಕ ಶಾಲೆಯೊಂದರ ಹೊಸ ವ್ಯಾಯಾಮದ ಹಾಲ್‌ನಲ್ಲಿ ಐವತ್ತಾರು ವರ್ಷದ ಹೆಂಗಸೊಬ್ಬರು ಹತ್ತುವ ಕಂಬಿಗಳ ಮೂರನೇ ಮೆಟ್ಟಿಲಿನಿಂದ ಬೇಕೆಂದೇ ಬೀಳುತ್ತಾರೆ. ಕೆಳಗಿನ ಮೆತ್ತೆ ಧೊಪ್ಪೆನ್ನುತ್ತದೆ. ಎದ್ದು, ಕೂದಲು ಸರಿಮಾಡಿಕೊಂಡು, ನೋಟ್‌ಬುಕ್ಕಿನಲ್ಲಿ ಏನೋ ಗೀಚಿ ಮತ್ತೆ ಹತ್ತುತ್ತಾರೆ. ಈ ಸಲ ಎಡಕ್ಕೆ. ಮೊಣಕೈ ಮೆತ್ತೆ ದಾಟಿ ಬರಿ ನೆಲಕ್ಕೆ ಬಡಿಯುತ್ತದೆ.

"ನೋಡಿದ್ರಾ? ಇಲ್ಲಿ ಇನ್ನೊಂದು ಗೇಣು ಮೆತ್ತೆ ಬೇಕು," ಎನ್ನುತ್ತಾರೆ ಮೊಣಕೈ ಉಜ್ಜಿಕೊಳ್ಳುತ್ತ. ನೋವಿಗಿಂತ, ತಪ್ಪು ಸಿಕ್ಕಿತಲ್ಲ ಎಂಬ ಸಮಾಧಾನವೇ ಮುಖದಲ್ಲಿ ಹೆಚ್ಚು.

ಬಾಗಿಲಲ್ಲಿ ನಿಂತ ಕಾವಲುಗಾರ, ಇವರ ಬಗ್ಗೆ ಬರೆಯಲು ಬಂದ ನನ್ನ ಕಿವಿಯಲ್ಲಿ ಪಿಸುಗುಡುತ್ತಾನೆ: "ಮೊದಲ್ನೇ ದಿನ ಗಾಬರಿಯಾಗಿ ಓಡಿಹೋಗಿ ಎಬ್ಬಿಸಿದೆ ಸಾರ್. 'ಬಿಡಪ್ಪ, ಇನ್ನೂ ಒಂಬತ್ತು ಸಲ ಬೀಳೋದಿದೆ' ಅಂದ್ರು!"

ಶಾಲಾ ಕಟ್ಟಡಗಳ ಕಚೇರಿಯಲ್ಲಿ ಇವರಿಗೆ 'ಬೀಳೋ ಮೇಡಂ' ಎಂದೇ ಹೆಸರು. ಪ್ರಾಥಮಿಕ ಶಾಲೆಗಳ ವ್ಯಾಯಾಮದ ಹಾಲ್‌ಗಳಿಗೆ ನಕ್ಷೆ ಹಾಕುವುದು, ಕಟ್ಟಿ ಮುಗಿದ ಮೇಲೆ ಎಲ್ಲ ಮಕ್ಕಳಿಗೂ ಸರಿಹೋಗುತ್ತದೆಂದು ಸಹಿ ಮಾಡುವುದು ಕೆಲಸ. ಹತ್ತೊಂಬತ್ತು ವರ್ಷ, ಅರವತ್ತಮೂರು ಹಾಲ್‌ಗಳು. ನಾಲ್ಕೂವರೆಗೆ ಏಳುತ್ತಾರೆ, ಮೊದಲ ಬಸ್ಸು ಹಿಡಿಯುತ್ತಾರೆ, ಮಕ್ಕಳು ಬರುವ ಹೊತ್ತಿಗೆ ಜಾಗ ಖಾಲಿ ಮಾಡುತ್ತಾರೆ. ಮಂಡಿಯೂರಿ, ಆರು ವರ್ಷದ ಮಗುವಿನ ಎತ್ತರಕ್ಕೆ ಇಳಿದು ಗೋಡೆಯ ಉದ್ದಕ್ಕೂ ತೆವಳುತ್ತಾರೆ. ಬೆರಳಿಗೆ ಸಿಗುವ ಮೊಳೆ, ಹಣೆಗೆ ತಾಗುವ ಕಿಟಕಿಯ ಮೂಲೆ, ಎಲ್ಲವೂ ಅಲ್ಲಿಂದಲೇ ಕಾಣುವುದಂತೆ. "ಕಂಬಿ ಸಂದೀಲಿ ಕೈ ಹೋಗ್ಲಿ, ಇಲ್ಲ ಇಡೀ ಮಗುನೇ ತೂರಿ ಹೋಗ್ಲಿ. ತಲೆ ಮಾತ್ರ ಸಿಕ್ಕಿಹಾಕ್ಕೋಬಾರ್ದು."

ಆಮೇಲೆ ಮೂಲೆಯಲ್ಲಿ ಮಡಚಿಟ್ಟ ಗಾಲಿಕುರ್ಚಿ ಬಿಡಿಸಿ, ಅದರಲ್ಲಿ ಕೂತು ಪ್ರತಿ ಬಾಗಿಲನ್ನೂ ದಾಟುತ್ತಾರೆ. ಕಾಲೂರುವಂತಿಲ್ಲ, ಇದು ಅವರೇ ಹಾಕಿಕೊಂಡ ಕಟ್ಟುಪಾಡು.

ಮೊದಲು ಈ ಕೆಲಸಕ್ಕೆ ಜೊತೆಯಿತ್ತು. ಗಂಡ ವ್ಯಾಯಾಮದ ಮೇಷ್ಟ್ರು. ಸಂಜೆ ಊಟದ ಮೇಜಿನ ಮೇಲೆ ನಕ್ಷೆ ಹರಡಿದರೆ ತಟ್ಟೆ ಪಕ್ಕಕ್ಕೆ ಸರಿಸಿ, "ಇಲ್ಲಿ ಒಂದು ಬೀಳುತ್ತೆ, ಅಲ್ಲಿ ಎರಡು ಡಿಕ್ಕಿ ಹೊಡ್ಕೊಳ್ತವೆ" ಎಂದು ಬೆರಳಿಟ್ಟು ತೋರಿಸುತ್ತಿದ್ದರು. ಎಂಟು ವರ್ಷದ ಕೆಳಗೆ ಹೃದಯಾಘಾತದಿಂದ ಹೋಗಿಬಿಟ್ಟರು. "ಅವ್ರಿದ್ದಾಗ ನಾನು ಒಂದ್ಸಲಾನೂ ಬಿದ್ದಿಲ್ಲ. ಈಗ ಹೇಳೋರಿಲ್ಲ, ಅದಕ್ಕೆ ಬಿದ್ದು ನೋಡ್ತೀನಿ." ಮಕ್ಕಳಿಲ್ಲ. ಭಾನುವಾರ ತಮ್ಮ ಫೋನ್ ಮಾಡುತ್ತಾನೆ. ಅವನ ಮೊದಲ ಪ್ರಶ್ನೆ, "ಅಕ್ಕಾ, ಈ ವಾರ ಎಲ್ಲೆಲ್ಲಿ ಊತ?"

ಹನ್ನೊಂದು ವರ್ಷದ ಹಿಂದಿನ ಮಾತು. ತಾವೇ ಸಹಿ ಮಾಡಿದ ಹಾಲ್‌ಗೆ ಯಾವುದೋ ಕಾಗದ ಕೊಡಲು ಹಗಲಲ್ಲಿ ಹೋಗಿದ್ದರು. ಬಾಗಿಲ ಹೊರಗೆ, ಸಾಲಾಗಿ ಬಿಟ್ಟ ಶೂಗಳ ಪಕ್ಕ, ಗಾಲಿಕುರ್ಚಿಯಲ್ಲಿ ಒಬ್ಬ ಹುಡುಗಿ. ಏಳು ವರ್ಷವಿರಬಹುದು.

"ಒಳಗೆ ಹೋಗಲ್ವೇನಮ್ಮ?"

"ಇಲ್ಲ ಆಂಟಿ. ನಂದು ಶೂ ಕಾಯೋ ಆಟ."

ಹೊಸ್ತಿಲು ಎರಡು ಇಂಚು ಎತ್ತರವಿತ್ತು. ನಕ್ಷೆಯಲ್ಲಿ ಗೆರೆ ಎಳೆದವರು ಇವರೇ. ವರ್ಷವಿಡೀ ಆ ಮಗು ಹೊರಗೇ ಕೂತಿತ್ತು. ದೂರು ಕೊಟ್ಟವರಿಲ್ಲ, ಮಗುವೂ ಅತ್ತಿರಲಿಲ್ಲ. ಹೊಸ್ತಿಲು ಒಡೆಸಲು ಎಂಟು ತಿಂಗಳು ಕಚೇರಿ ಅಲೆದರು. ಒಡೆಯುವಷ್ಟರಲ್ಲಿ ಹುಡುಗಿಯ ಮನೆಯವರು ಊರು ಬಿಟ್ಟಿದ್ದರು. "ಅವಳ ಹೆಸ್ರೂ ಕೇಳ್ಲಿಲ್ಲ ನಾನು," ಎಂದು ಹೇಳಿ ಕಿಟಕಿಯ ಕಡೆ ತಿರುಗುತ್ತಾರೆ. ನಾನು ಪೆನ್ನು ಮುಚ್ಚಿಡುತ್ತೇನೆ.

ಕಳೆದ ವರ್ಷ ಅದಕ್ಕೇ ಹಠ ಹಿಡಿದದ್ದು. ಒಂದು ಶಾಲೆಯಲ್ಲಿ ಸೋಮವಾರ ಉದ್ಘಾಟನೆ, ಬಲೂನು ಕಟ್ಟಿ ಆಗಿದೆ. ಶನಿವಾರ ಇವರು ನೋಡಿದರೆ ಬಾಗಿಲಿನ ಇಳಿಜಾರು ಕಡಿದಾಗಿದೆ. ಎರಡು ಅಡಿ ಏರಲು ಇಪ್ಪತ್ತನಾಲ್ಕು ಅಡಿ ಉದ್ದ ಬೇಕು, ಕಟ್ಟಿದ್ದು ಹನ್ನೆರಡು. ಗಾಲಿಕುರ್ಚಿಯಲ್ಲಿ ಕೂತು ಹತ್ತಲು ಹೋಗಿ ಅರ್ಧದಲ್ಲೇ ಹಿಂದಕ್ಕೆ ಜಾರಿದರು. "ಯಾರಾದ್ರೂ ತಳ್ತಾರೆ ಬಿಡಿ ಮೇಡಂ," ಎಂದ ಗುತ್ತಿಗೆದಾರ ನಗುತ್ತ. "ತಳ್ಳೋರು ಬರೋವರೆಗೆ ಮಗು ಕಾಯ್ಬೇಕಾ?" ಎಂದರು ಇವರು. ಮುಖ್ಯೋಪಾಧ್ಯಾಯಿನಿ ಕೈಮುಗಿದರು, ಮೇಲಧಿಕಾರಿ ಫೋನಿನಲ್ಲಿ ಕೂಗಾಡಿದರು. ಸಹಿ ಬೀಳಲಿಲ್ಲ.

ಉದ್ಘಾಟನೆ ನಿಂತಿತು. ಕಚೇರಿಯಲ್ಲಿ ಇವರ ಜೊತೆ ಮಾತೂ ನಿಂತಿತು. ನಾಲ್ಕು ಗಂಟೆಗೆ ಎಲ್ಲರೂ ಚಹಾಕ್ಕೆ ಎದ್ದು ಹೋಗುವಾಗ ಇವರ ಮೇಜನ್ನು ತಪ್ಪಿಸಿ ಸುತ್ತಿಕೊಂಡು ಹೋಗುತ್ತಾರೆ. "ಮೊದ್ಲು ಬೇಜಾರಾಗ್ತಿತ್ತು. ಈಗ ಫ್ಲಾಸ್ಕ್ ತರ್ತೀನಿ."

ಐದು ವಾರದಲ್ಲಿ ಇಳಿಜಾರು ಉದ್ದವಾಯಿತು, ಹಾಲ್ ತೆರೆಯಿತು. ಆಮಂತ್ರಣ ಪತ್ರಿಕೆಯಲ್ಲಿ ಹನ್ನೆರಡು ಹೆಸರು. ಇವರದಿರಲಿಲ್ಲ. ಕರೆಯಲೂ ಇಲ್ಲ.

ಇಷ್ಟು ವರ್ಷದಲ್ಲಿ, ತಾವು ಮಾಡಿದ ಹಾಲ್‌ನಲ್ಲಿ ಮಕ್ಕಳು ಆಡುವುದನ್ನು ನೋಡಿದ್ದೀರಾ ಎಂದು ಕೇಳುತ್ತೇನೆ. "ಕರೀದೆ ಹೇಗೆ ಹೋಗೋದು? ಯಾರು ನೀವು ಅಂದ್ರೆ ಏನ್ ಹೇಳ್ಲಿ?" ಎನ್ನುತ್ತಾರೆ. ಆದರೆ ಇಳಿಜಾರು ಉದ್ದ ಮಾಡಿಸಿದ ಆ ಶಾಲೆಯ ಎದುರಿಗೇ ಬಸ್ ನಿಲ್ದಾಣವಿದೆ. ಗುರುವಾರ ಹತ್ತು ಗಂಟೆಗೆ ವ್ಯಾಯಾಮದ ತರಗತಿ. ಅವತ್ತು ಅಲ್ಲಿ ಇಳಿದು, ಮುಂದಿನ ಬಸ್ಸು ಬರುವವರೆಗೆ ಕಲ್ಲುಬೆಂಚಿನ ಮೇಲೆ ಕೂರುತ್ತಾರೆ.

ಈ ಗುರುವಾರ ನಾನೂ ಪಕ್ಕದಲ್ಲಿ ಕೂರುತ್ತೇನೆ. ಗೋಡೆಯಾಚೆ ಮಕ್ಕಳ ಗಲಾಟೆ ಕಿವಿಗಡಚಿಕ್ಕುತ್ತದೆ. ಇದ್ದಕ್ಕಿದ್ದಂತೆ ಎಲ್ಲ ಸದ್ದೂ ನಿಲ್ಲುತ್ತದೆ. ಅವರ ಕೈ ಬ್ಯಾಗಿನ ಹಿಡಿಯನ್ನು ಬಿಗಿಯಾಗಿ ಹಿಡಿಯುತ್ತದೆ. ಒಂದು, ಎರಡು, ಮೂರು ಎಂದು ತುಟಿಯಲ್ಲೇ ಎಣಿಸುತ್ತಾರೆ. ನಾಲ್ಕಕ್ಕೆ ಒಳಗಿನಿಂದ ಒಂದು ಕಿಲಕಿಲ ನಗು, ಅದರ ಹಿಂದೆಯೇ ಐವತ್ತು.

"ಒಂದು ಬಿತ್ತು. ಏನೂ ಆಗಿಲ್ಲ," ಎಂದು ಎದ್ದು ಬಸ್ಸಿಗೆ ಕೈ ತೋರಿಸುತ್ತಾರೆ.