ಸೀಟಿನ ಮೇಲಿನ ದಸ್ತಿ

ಬುರ್ಹಾನುದ್ದೀನ್ ತೀರಿಕೊಂಡ ಮೇಲೆ ಕಮಲಾಪುರದ ಜನ ಅವನ ಬಗ್ಗೆ ಹೇಳುವುದು ಒಂದೇ ಮಾತು: ಗಾದಿ ಚೆನ್ನಾಗಿ ಹೊಲಿಯುತ್ತಿದ್ದ. ಅದು ನಿಜವೇ. ಊರಿನ ಅರ್ಧ ಜನ ಇವತ್ತಿಗೂ ಅವನು ಅರಳೆ ತುಂಬಿದ ಗಾದಿಯ ಮೇಲೆಯೇ ಮಲಗುತ್ತಾರೆ. ಆದರೆ ನನಗೆ ಅವನ ಪರಿಚಯವಾದದ್ದು ಗಾದಿಯಿಂದಲ್ಲ, ದಸ್ತಿಯಿಂದ.

ನಾನು ಕಲಬುರಗಿಯ ಸೂಪರ್ ಮಾರ್ಕೆಟ್‌ನ ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವನು. ಮನೆ ಕಮಲಾಪುರದಲ್ಲಿ. ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಸಂಜೆಯ ಹೊತ್ತು ನಮ್ಮ ಬಸ್ಸು ನಿಲ್ದಾಣದೊಳಗೆ ತಿರುಗುವಾಗಲೇ ಜನ ಅದರ ಪಕ್ಕದಲ್ಲಿ ಓಡತೊಡಗುತ್ತಾರೆ. ಬಾಗಿಲಿನಿಂದ ಹತ್ತಿ ಸೀಟು ಹಿಡಿಯುತ್ತೇನೆ ಎನ್ನುವವನು ಊರಿಗೆ ಹೊಸಬನೇ ಇರಬೇಕು. ತಿಳಿದವರು ಕಿಟಕಿಯಿಂದ ಒಳಗೆ ದಸ್ತಿ ಒಗೆಯುತ್ತಾರೆ, ಅಂದರೆ ಎಸೆಯುತ್ತಾರೆ. ಮುಖ ಒರೆಸಿಕೊಳ್ಳುವ ಅದೇ ಕೈವಸ್ತ್ರ. ಅದು ಬಿದ್ದ ಸೀಟು ಅದರ ಧಣಿಗೆ ಸೇರಿದ್ದು. ಯಾರೂ ಅದನ್ನು ಎತ್ತುವುದಿಲ್ಲ, ಕಂಡಕ್ಟರ್ ಕೂಡ. "ಬರಾವ್ರ ಇದ್ದಾರೇನ್ರಿ?" ಎಂದು ಕೇಳಬಹುದು. "ಇದ್ದಾರ" ಅಂದರೆ ಮಾತು ಮುಗಿಯಿತು.

ಒಂದು ಸಂಜೆ ನಾನು ಹೇಗೋ ಹತ್ತಿ ಕುಳಿತು ಪುಸ್ತಕ ತೆರೆದಿದ್ದೆ. ಕಿಟಕಿಯಿಂದ ಪಟ್ಟೆಪಟ್ಟೆಯ ದಸ್ತಿಯೊಂದು ಹಾರಿ ಬಂದು ಸರಿಯಾಗಿ ನನ್ನ ಪುಟದ ಮೇಲೆ ಬಿತ್ತು. ಕೆಳಗೆ, ಗಡ್ಡದಲ್ಲಿ ಅರಳೆಯ ಎಳೆ ಸಿಕ್ಕಿಸಿಕೊಂಡ ಮನುಷ್ಯನೊಬ್ಬ ಓಡಿ ಬಂದು ನಿಂತಿದ್ದ.

"ಮಾಸ್ತರ, ಅದನ್ನ ಬಾಜೂ ಸೀಟಿಗೆ ಹಾಕ್ರಿ. ನಿಮ್ಮ ಪುಸ್ತಕ ನನಗ ಬ್ಯಾಡ."

"ನಾ ಮಾಸ್ತರ ಅಲ್ಲರೀ."

"ಮತ್ತ ಬಸ್ಸಿನಾಗ ಓದಾಂವ ಯಾರು, ಫೌಜದಾರನೇನು?"

ಆವತ್ತಿನಿಂದ ನಾನು ಅವನಿಗೆ ಮಾಸ್ತರ, ಅವನು ನನಗೆ ಬುರ್ಹಾನ್ ಭಾಯಿ.

ಆ ದಸ್ತಿ ಗಾದಿ ಬಟ್ಟೆಯದು. ಹಗುರ ಬಟ್ಟೆ ಗಾಳಿಗೆ ದಿಕ್ಕು ತಪ್ಪುತ್ತದೆ ಎಂದು ಅವನ ಹೆಂಡತಿ ಚಾಂದಬಿ ಅದರ ಒಂದು ಮೂಲೆಯಲ್ಲಿ ಹುಣಸೆಬೀಜ ಇಟ್ಟು ಹೊಲಿದಿದ್ದರು. ಒಗೆದರೆ ಕಲ್ಲಿನ ಹಾಗೆ ಹೋಗಿ ಬೀಳುತ್ತಿತ್ತು. ಸೀಟು ಬೇಕಾಗಿದ್ದುದೂ ಅವರಿಗೇ. ಅವರ ಮೂತ್ರಪಿಂಡ ಕೆಟ್ಟಿತ್ತು. ವೈದ್ಯರು ಡಯಾಲಿಸಿಸ್‌ಗೆ ಕಲಬುರಗಿಯ ದೊಡ್ಡ ದವಾಖಾನೆಗೇ ಬರಹೇಳಿದ್ದರು. ಹೋಗುವಾಗ ಹೇಗೋ ನಡೆಯುತ್ತಿತ್ತು. ಬರುವಾಗ ಅವರಿಗೆ ನಿಲ್ಲಲು ಆಗುತ್ತಿರಲಿಲ್ಲ. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾದ ಮೇಲೆ ಸಂಜೆ ಬಸ್ಸಿನಲ್ಲಿ ಕಾಲಿಡಲೂ ಜಾಗವಿರುತ್ತಿರಲಿಲ್ಲ.

"ನನಗ ಟಿಕೀಟೂ ಇಲ್ಲ, ಸೀಟೂ ಇಲ್ಲ. ಸರ್ಕಾರ ಎರಡೂ ಮಾಫ್ ಮಾಡ್ಯದ," ಎಂದು ಚಾಂದಬಿ ನಗುತ್ತಿದ್ದರು.

ಹಾಗಾಗಿ ಯಂತ್ರದಿಂದ ಅವರನ್ನು ಇಳಿಸಿದ ಕೂಡಲೇ ಬುರ್ಹಾನ್ ಅವರನ್ನು ದವಾಖಾನೆಯ ಬೆಂಚಿನ ಮೇಲೆ ಕೂರಿಸಿ, ತಾನು ಮುಂದಾಗಿ ಬಸ್ ನಿಲ್ದಾಣಕ್ಕೆ ಓಡುತ್ತಿದ್ದ. ಪರಿಚಯದ ಆಟೋದವನು ಅಬ್ರಾರ್ ಹಿಂದಿನಿಂದ ಅವರನ್ನು ಕರೆತರುತ್ತಿದ್ದ. ಆಟೋದಿಂದ ಇಳಿಯುತ್ತಲೇ ಅವರು ಕೇಳುತ್ತಿದ್ದ ಮೊದಲ ಮಾತು, "ಅಜೀ, ಸೀಟ್ ಮಿಲೀ ಕ್ಯಾ?" ಸಿಕ್ಕಿತು ಎಂದು ಬುರ್ಹಾನ್ ಕಿಟಕಿಯಿಂದ ಕೈ ಆಡಿಸುತ್ತಿದ್ದ. ಅವರು ಕುಳಿತ ಮೇಲೆ ತಾನು ಕಂಬ ಹಿಡಿದು, ಕಮಲಾಪುರದವರೆಗೂ ನಿಂತೇ ಬರುತ್ತಿದ್ದ.

ಆ ದಿನಗಳಲ್ಲೇ ಲೈಟ್ ರೈಲಿನ ಸುದ್ದಿ ಬಂತು. ಕಲಬುರಗಿಯ ರೈಲ್ವೆ ಸ್ಟೇಶನ್‌ನಿಂದ ಊರೊಳಗೆ ಹಾದು ಹುಮನಾಬಾದ್ ರಸ್ತೆಯವರೆಗೆ ಒಂದು ಹಗುರ ರೈಲು, ಅಲ್ಲಿಂದ ಅದನ್ನು ಕಮಲಾಪುರಕ್ಕೆ ಬೆಳೆಸುವ ವಿಚಾರ. ಮಾರ್ಗ ಗೊತ್ತು ಮಾಡುವ ಮುನ್ನ ಜನರ ಮಾತು ಕೇಳುತ್ತಾರಂತೆ ಎಂದು ನಮ್ಮೂರಿನ ಕಲ್ಯಾಣ ಮಂಟಪದಲ್ಲಿ ಸಭೆ ಕರೆದರು. ಮಂಟಪ ತುಂಬಿತು. ತುಂಬಿದ್ದಕ್ಕೆ ಕಾರಣ ಬೇರೆ. ನಮ್ಮಲ್ಲಿ ಲೈಟ್ ಎಂದರೆ ಕರೆಂಟು. ಲೈಟಿನ ಸಭೆ ಎಂದುಕೊಂಡು ಅರ್ಧ ಜನ ಕರೆಂಟ್ ಬಿಲ್ಲು ಹಿಡಿದುಕೊಂಡು ಬಂದಿದ್ದರು.

ಯೋಜನೆಯ ಕಡೆಯಿಂದ ಸಪ್ನಾ ಎನ್ನುವ ಹುಡುಗಿ ಬಂದಿದ್ದಳು. ದೊಡ್ಡ ನಕ್ಷೆಯೊಂದನ್ನು ಗೋಡೆಗೆ ಕಟ್ಟಿ, ಒಬ್ಬೊಬ್ಬರಿಗೂ ಒಂದೊಂದು ಟಿಕಲಿ ಕೊಟ್ಟಳು. ಹೆಣ್ಣುಮಕ್ಕಳು ಹಣೆಗೆ ಅಂಟಿಸಿಕೊಳ್ಳುವ ಕೆಂಪು ಟಿಕಲಿಯೇ. ರೈಲು ಎಲ್ಲಿ ನಿಲ್ಲಬೇಕೋ ಅಲ್ಲಿ ಹಚ್ಚಿರಿ ಎಂದಳು. ಜನ ನುಗ್ಗಿ ತಮ್ಮ ತಮ್ಮ ಮನೆಯ ಮುಂದೆ ಹಚ್ಚಿದರು. ನೋಡನೋಡುತ್ತಿದ್ದಂತೆ ಕಮಲಾಪುರಕ್ಕೆ ಮೈತುಂಬ ದಡಾರ ಎದ್ದ ಹಾಗಾಯಿತು.

ಚಾಂದಬಿಗೂ ಒಂದು ಟಿಕಲಿ ಸಿಕ್ಕಿತ್ತು. "ಈ ವಯಸ್ಸಿನಾಗ ನನಗ ಟಿಕಲಿ ಕೊಟ್ರಲ್ಲ ತಾಯಿ," ಎಂದು ಸಪ್ನಾಳನ್ನು ನಗಿಸಿ, ಅದನ್ನು ತಮ್ಮ ಓಣಿಯ ಬಾಯಿಗೆ ಹಚ್ಚಿ ಬೆರಳಿನಿಂದ ಒತ್ತಿದರು.

ಬುರ್ಹಾನ್ ಮಾತ್ರ ನಕ್ಷೆಯ ಆ ತುದಿಗೆ ಹೋದ. ಕಲಬುರಗಿಯ ಗಲ್ಲಿಗಳಲ್ಲಿ ಬಹಳ ಹೊತ್ತು ಬೆರಳಾಡಿಸಿ ದವಾಖಾನೆಯ ಗೇಟು ಹುಡುಕಿದ. ಅಲ್ಲಿ ತನ್ನ ಟಿಕಲಿ ಹಚ್ಚಿದ.

"ಏ ಬುರ್ಹಾನ್, ಊರ ಮರತೇನೋ? ದವಾಖಾನಿ ಕೂಡ ಬೀಗತನ ಮಾಡಿದೇನು?" ಎಂದು ಹಿಂದಿನಿಂದ ಯಾರೋ ಕೂಗಿದರು.

"ಊರಿಗೆ ನೀವೆಲ್ಲಾ ಹಚ್ಚೀರಿ. ಅಲ್ಲಿ ಯಾರೂ ಇಲ್ಲಲ್ಲ," ಎಂದ.

ಆಮೇಲೆ ರೈಲಿನ ಚಿತ್ರ ತೋರಿಸಿದರು. ಬಿಳಿ ಡಬ್ಬಿ, ಗಾಜಿನ ಕಿಟಕಿ, ತಣ್ಣನೆಯ ಗಾಳಿ. ಬುರ್ಹಾನ್ ಕೈ ಎತ್ತಿ ಸಪ್ನಾಳನ್ನು ಕೇಳಿದ. "ಬಾಯಿಯವರ, ಕಿಟಕಿ ತಗೀತಾವೇನ್ರಿ?"

"ಇಲ್ಲ, ಎ.ಸಿ. ಇರ್ತದ. ಮುಚ್ಚೇ ಇರ್ತಾವ."

"ಹಂಗಾದ್ರ ದಸ್ತಿ ಎಲ್ಲಿಂದ ಒಗೀಬೇಕ್ರಿ?"

ಮಂಟಪವೆಲ್ಲ ನಕ್ಕಿತು. ಚಾಂದಬಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಸಪ್ನಾಳ ಪಕ್ಕದಲ್ಲಿದ್ದ, ಬೆಂಗಳೂರು ಕಡೆಯಿಂದ ಬಂದ ಅಧಿಕಾರಿಗೆ ಏನೂ ತಿಳಿಯಲಿಲ್ಲ. ದಸ್ತಿ ಎಂದರೇನು ಎಂದು ಅವರು ಮೆಲ್ಲಗೆ ಕೇಳಿದರು. ಯಾರೋ "ಕರವಸ್ತ್ರ ಸರ್" ಎಂದರು. ಅವರು ಅದನ್ನೇ ಬರೆದುಕೊಂಡರು.

ಮಳೆಗಾಲ ಕಳೆಯಿತು. ಅದಾದ ಮೇಲಿನ ಒಂದು ಸಂಜೆ ಎಂದಿನಂತೆ ದಸ್ತಿ ನನ್ನ ಪಕ್ಕದ ಸೀಟಿಗೆ ಬಂದು ಬಿತ್ತು. ಬುರ್ಹಾನ್ ಹತ್ತಿ ಬಂದು ಕಂಬ ಹಿಡಿದು ನಿಂತ. ಖಾಲಿಯಾದ ಕೆಂಪು ಬಾಳೆಹಣ್ಣಿನ ಬುಟ್ಟಿ ಹೊತ್ತ ನಮ್ಮೂರಿನ ತುಳಜಾಬಾಯಿ ಆ ಸೀಟನ್ನೇ ನೋಡಿದಳು.

"ಬರಾವ್ರ ಇದ್ದಾರೇನಪಾ?"

"ಇದ್ದಾರವ್ವ. ದವಾಖಾನಿಂದ ಹೊಂಟಾರ."

ಡ್ರೈವರ್ ಬಸ್ಸು ಚಾಲೂ ಮಾಡಿದ. ಬುರ್ಹಾನ್ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, "ಒಂದ್ ಮಿನಿಟ್ ತಡೀರಿ, ಬಂದ್ರು ಬಂದ್ರು," ಎಂದು ತಗಡು ಬಡಿದ. ಅಬ್ರಾರ್ ಕಂಡ. ಆಟೋ ಇರಲಿಲ್ಲ. ಜನರ ನಡುವೆ ಓಡುತ್ತಾ ಒಬ್ಬನೇ ಬಂದ. ಕಿಟಕಿಯ ಕೆಳಗೆ ನಿಂತು, ಮುಖ ಮೇಲೆತ್ತದೆ, "ಬುರ್ಹಾನ್ ಭಾಯಿ, ಉತರೋ," ಎಂದ. ಇಳಿ ಎಂದಷ್ಟೇ ಹೇಳಿದ.

ಇಬ್ಬರೂ ಇಳಿದೆವು. ಚಾಂದಬಿ ದವಾಖಾನೆಯ ಅದೇ ಬೆಂಚಿನ ಮೇಲೆ, ಗೋಡೆಗೆ ತಲೆ ಆನಿಸಿ, ಆಟೋ ಕಾಯುತ್ತಲೇ ಹೋಗಿಬಿಟ್ಟಿದ್ದರು. ಅಬ್ರಾರ್ ನಿದ್ದೆ ಎಂದುಕೊಂಡು ಎರಡು ಸಲ ಕರೆದನಂತೆ.

ದಸ್ತಿ ಎತ್ತಿಕೊಳ್ಳುವುದು ನಮ್ಮಿಬ್ಬರಿಗೂ ನೆನಪಾಗಲಿಲ್ಲ. ಮಣ್ಣಾದ ಮರುದಿನ ತುಳಜಾಬಾಯಿ ಅದನ್ನು ತೊಳೆದು, ಮಡಿಸಿ, ಅವನ ಮನೆಗೆ ತಂದುಕೊಟ್ಟಳು. ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲವಂತೆ. ಆದರೂ ದಸ್ತಿ ಇದ್ದ ಆ ಸೀಟಿನಲ್ಲಿ ಕಮಲಾಪುರದವರೆಗೆ ಯಾರೂ ಕೂರಲಿಲ್ಲವಂತೆ. "ಬರಾವ್ರ ಇದ್ದಾರ ಅಂದಿದ್ದೆಲ್ಲಪಾ, ಹ್ಯಾಂಗ ಕೂಡ್ಲಿ," ಎಂದಳು. ಬುರ್ಹಾನ್ ಅವಳ ಮುಂದೆಯೇ ಮೊದಲ ಸಲ ಅತ್ತ.

ಎರಡನೇ ಸಭೆ ಕಲಬುರಗಿಯಲ್ಲಿ, ಐವಾನ್-ಎ-ಶಾಹಿ ಕಡೆಯ ಒಂದು ಸಭಾಗೃಹದಲ್ಲಿ ನಡೆಯಿತು. ನಾನು ಬೇಡ ಎಂದರೂ ಬುರ್ಹಾನ್ ಕೇಳಲಿಲ್ಲ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ. ಮೊದಲ ಸಭೆಯಲ್ಲಿ ಜನ ಹೇಳಿದ್ದಕ್ಕೆಲ್ಲ ಇಲಾಖೆಯ ಉತ್ತರವನ್ನು ಅಧಿಕಾರಿ ಒಂದೊಂದಾಗಿ ಓದಿದರು. ಕಮಲಾಪುರದ ಸರದಿ ಬಂತು.

"ಪ್ರಯಾಣಿಕರಿಗೆ ಕರವಸ್ತ್ರ ಒದಗಿಸುವ ಕುರಿತು: ಕಡಿಮೆ ದೂರದ ಪ್ರಯಾಣವಾದ್ದರಿಂದ ಅಂಥ ಸೌಲಭ್ಯದ ಪ್ರಸ್ತಾವ ಇರುವುದಿಲ್ಲ."

ಒಂದು ಕ್ಷಣ ಯಾರಿಗೂ ತಿಳಿಯಲಿಲ್ಲ. ತಿಳಿದ ಮೇಲೆ ನಗು ತಡೆಯಲಾಗಲಿಲ್ಲ. ಸಪ್ನಾ ತಲೆ ತಗ್ಗಿಸಿದಳು. ನಾನು ಬುರ್ಹಾನನ ಅಂಗಿ ಹಿಡಿದು ಎಳೆದೆ. ಅಷ್ಟರಲ್ಲಿ ಅವನು ಎದ್ದು ನಿಂತಿದ್ದ. ನಗು ನಿಲ್ಲುವವರೆಗೆ ಕಾಯ್ದ.

"ಸಾಹೇಬ್ರ, ದಸ್ತಿ ನನ್ನ ಹತ್ರನ ಅದರೀ," ಎಂದು ಕಿಸೆಯಿಂದ ತೆಗೆದು ತೋರಿಸಿದ. "ಇದನ್ನ ಒಗ್ಯಾಕ ಒಬ್ಬಾಂವ ಮುಂದ ಓಡಬೇಕಾಗ್ತದ. ಜಡ್ಡಿನಾವ್ರು ಹಿಂದ ಒಬ್ರೇ ಉಳೀತಾರ. ರೈಲು ದವಾಖಾನಿ ಮುಂದನ ನಿಂತ್ರ ಯಾರೂ ಓಡಾದು ಬ್ಯಾಡ. ಇಬ್ರೂ ಕೂಡೇ ಹತ್ತತಾರ. ನಾ ಕೇಳಿದ್ದು ಇಷ್ಟ."

ಅಧಿಕಾರಿ ಕೆಟ್ಟ ಮನುಷ್ಯರಲ್ಲ. ಕನ್ನಡಕ ತೆಗೆದು, "ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲವಾ? ಈಗ ಹೇಗಿದ್ದಾರೆ?" ಎಂದು ಕೇಳಿದರು.

"ಆಕಿ ಈಗ ಕಮಲಾಪುರದಾಗೇ ಇರ್ತಾಳ್ರಿ. ಎಲ್ಲಿಗೂ ಬರಾಂಗಿಲ್ಲ."

ಅವರು "ಒಳ್ಳೆಯದು" ಎಂದರು. ಬುರ್ಹಾನ್ "ಹೌದ್ರಿ" ಎಂದು ಕುಳಿತ. ನಮ್ಮೂರಿನವರು ಯಾರೂ ಆ ಮಾತು ತಿದ್ದಲಿಲ್ಲ. ಸಪ್ನಾಗೆ ಅರ್ಥವಾಗಿತ್ತು ಎಂದು ಕಾಣುತ್ತದೆ. ಸಭೆ ಮುಗಿದ ಮೇಲೆ ಚಾದ ಕಪ್ಪು ಹಿಡಿದು ಬಂದು ಅವನ ಎದುರು ನಿಂತಳು. ಅವನೇ, "ಚಾ ಕುಡಿರಿ ತಂಗಿ, ಆರತದ," ಎಂದ.

ಚಳಿಗಾಲದ ಕೊನೆಗೆ ಹೊಸ ನಕ್ಷೆ ಬಂತು. ಬಸ್ ನಿಲ್ದಾಣದ ಗೋಡೆಗೆ ಅಂಟಿಸಿದ್ದರು. ಬುರ್ಹಾನ್ ನನ್ನನ್ನು ಅಂಗಡಿಯಿಂದ ಎಬ್ಬಿಸಿಕೊಂಡು ಹೋದ. ದವಾಖಾನೆಯ ಗೇಟಿನ ಮುಂದೆ ಒಂದು ನಿಲ್ದಾಣ ಸೇರಿತ್ತು. ನಾನು ಅವನ ಬೆನ್ನು ತಟ್ಟಿದೆ. ಅವನ ಬೆರಳು ಆಗಲೇ ಮುಂದೆ ಹೋಗಿತ್ತು. ಗಟ್ಟಿ ಗೆರೆ ಊರ ಹೊರಗಿನ ರಿಂಗ್ ರೋಡಿನಲ್ಲಿ ಮುಗಿದಿತ್ತು. ಅಲ್ಲಿಂದ ಕಮಲಾಪುರದವರೆಗೆ ಬರೀ ಚುಕ್ಕಿ. ಪಕ್ಕದಲ್ಲಿ 'ಎರಡನೇ ಹಂತ, ಮುಂದೆ ಪರಿಶೀಲಿಸಲಾಗುವುದು' ಎಂದಿತ್ತು. ನಾನು ಓದಿ ಹೇಳಿದೆ.

"ನನ್ನ ಟಿಕಲಿ ಉಳೀತು ಮಾಸ್ತರ," ಎಂದ. "ಆಕೀದು ಉದುರಿತು."

ಅದಾದ ಮೇಲೂ ಅವನು ಕಲಬುರಗಿಗೆ ಬರುವುದು ಬಿಡಲಿಲ್ಲ. ಅರಳೆ ತರಲು ಎನ್ನುತ್ತಿದ್ದ. ಎಷ್ಟೋ ಸಲ ಕೈಯಲ್ಲಿ ಅರಳೆ ಇರುತ್ತಿರಲಿಲ್ಲ. ಸಂಜೆ ಬಸ್ಸಿನ ಜೊತೆ ಓಡಿ ದಸ್ತಿ ಒಗೆಯುತ್ತಿದ್ದ. ಆ ಸೀಟಿನಲ್ಲಿ ತಾನು ಕೂರುತ್ತಿರಲಿಲ್ಲ. ಹತ್ತುವವರ ತೋಳುಗಳನ್ನೇ ನೋಡುತ್ತಾ ನಿಲ್ಲುತ್ತಿದ್ದ. ಸೂಜಿ ಚುಚ್ಚಿದಲ್ಲಿ ಬಿಳಿ ಪಟ್ಟಿ ಇದ್ದವರು ಯಾರಾದರೂ ಹತ್ತಿದರೆ ದಸ್ತಿ ಎತ್ತಿ, "ಕೂಡ್ರಿ, ನಿಮ್ಮ ಸಲುವಾಗೇ ಹಿಡದೀನಿ," ಎನ್ನುತ್ತಿದ್ದ. ಯಾರೂ ಬಾರದಿದ್ದರೆ ರಿಂಗ್ ರೋಡ್ ದಾಟುವವರೆಗೆ ಕಾಯುತ್ತಿದ್ದ. ಕಂಡಕ್ಟರುಗಳಿಗೂ ರೂಢಿಯಾಗಿತ್ತು.

"ಇವತ್ತ ಯಾರ ಬರಾವ್ರ ಇದ್ದಾರ ಭಾಯಿ?" ಎಂದು ಒಬ್ಬ ಚುಡಾಯಿಸಿದ.

"ನಿನ್ನ ಮಾವ," ಎಂದ ಬುರ್ಹಾನ್. ಎಲ್ಲರೂ ನಕ್ಕರು. ಅವನೂ ನಕ್ಕ. ನಾನು ಪುಸ್ತಕ ನೋಡುತ್ತಾ ಕುಳಿತೆ. ಪುಟ ತಿರುಗಲಿಲ್ಲ.

ಮನೆಗೆ ಊಟಕ್ಕೆ ಬಾ ಎಂದು ಕರೆಯುತ್ತಿದ್ದೆ. ಬರುತ್ತೇನೆ ಎನ್ನುತ್ತಿದ್ದ, ಬರುತ್ತಿರಲಿಲ್ಲ. ಅಂಗಡಿಯಲ್ಲೇ ರೊಟ್ಟಿ ತಿಂದು, ಮಾರಾಟಕ್ಕಿಟ್ಟ ಗಾದಿಯ ಮೇಲೆ ಮಲಗುತ್ತಿದ್ದ. ಮನೆಯ ಗಾದಿಯ ಮೇಲೆ ಯಾಕೆ ಮಲಗುವುದಿಲ್ಲ ಎಂದು ಒಮ್ಮೆ ಕೇಳಿದೆ. "ಅದು ಒಂದ ಕಡಿ ತಗ್ಗಾಗ್ಯದ," ಎಂದ. ಬಿಚ್ಚಿ ಮತ್ತೆ ಅರಳೆ ತುಂಬುವುದು ಅವನಿಗೆ ಎಷ್ಟರ ಕೆಲಸ? ತುಂಬಲಿಲ್ಲ.

ಹೋದ ಮಾಘದಲ್ಲಿ, ಬೆಳಗಾದರೂ ಅಂಗಡಿಯ ಬಾಗಿಲು ತೆರೆಯಲಿಲ್ಲ ಎಂದು ಜನ ತಳ್ಳಿ ನೋಡಿದಾಗ, ಅವನು ಅರ್ಧ ಹೊಲಿದ ಗಾದಿಗೆ ಒರಗಿಕೊಂಡೇ ಇದ್ದ. ಎದೆಬಡಿತ ನಿಂತಿತ್ತು. ಚಾಂದಬಿಯ ಪಕ್ಕದಲ್ಲೇ ಮಣ್ಣು ಮಾಡಿದೆವು. ವಾಪಸು ಬರುವಾಗ ಅಬ್ರಾರ್ ಆಟೋ ನಿಲ್ಲಿಸಿ, ಅಂಗಡಿಯಲ್ಲಿ ಸಿಕ್ಕ ಬುರ್ಹಾನನ ದಸ್ತಿಯನ್ನು ಕಿಸೆಯಿಂದ ತೆಗೆದು ನನ್ನ ಕೈಗಿಟ್ಟ. "ಇದನ್ನ ಒಗ್ಯಾಕ ಬರ್ತದೇನ್ರಿ ಮಾಸ್ತರ ನಿಮಗ?" ಎಂದ. ಬರುವುದಿಲ್ಲ ಎಂದೆ.

ನಿಜಕ್ಕೂ ಬರುವುದಿಲ್ಲ. ಎರಡು ಸಲ ಒಗೆದೆ. ಒಮ್ಮೆ ಕೆಳಗೇ ಬಿತ್ತು, ಒಮ್ಮೆ ಯಾರದೋ ತಲೆಯ ಮೇಲೆ. ನಿನ್ನೆ ಸರಿಯಾಗಿ ಹೋಗಿ ಸೀಟಿನ ಮೇಲೆ ಬಿತ್ತು. ನಾನು ಹತ್ತಿ ಅದರ ಪಕ್ಕದಲ್ಲಿ ಕುಳಿತೆ. ಹತ್ತುವವರ ತೋಳುಗಳನ್ನು ನೋಡಿದೆ. ಯಾರ ತೋಳಿನಲ್ಲೂ ಪಟ್ಟಿ ಇರಲಿಲ್ಲ. ಬಸ್ಸು ತುಂಬಿತು. ಬೆವರಿದ್ದ ಮನುಷ್ಯನೊಬ್ಬ ಕಂಬ ಹಿಡಿದು ಬಾಗಿದ.

"ಬರಾವ್ರ ಇದ್ದಾರೇನ್ರಿ?"

"ಇದ್ದಾರ," ಎಂದೆ.

ಬಸ್ಸು ಹೊರಟಿತು. ಅವನು ಕಂಬ ಹಿಡಿದೇ ನಿಂತ. ದವಾಖಾನೆಯ ಕಡೆಯ ತಿರುವು ಬಂದು ಹೋಯಿತು. ರೈಲಿಗೆಂದು ಅಲ್ಲಿ ಇನ್ನೂ ಒಂದು ಗೂಟವನ್ನೂ ನೆಟ್ಟಿಲ್ಲ. ರಿಂಗ್ ರೋಡ್ ದಾಟಿದ ಮೇಲೆ ಅವನು ಮತ್ತೆ ನನ್ನ ಕಡೆ ನೋಡಿದ.

"ಬರಲಿಲ್ಲೇನ್ರಿ ನಿಮ್ಮಾವ್ರು?"

ನಾನು ದಸ್ತಿ ಎತ್ತಿಕೊಂಡೆ.

"ಇಲ್ರಿ. ಕೂಡ್ರಿ."

ಅವನು ಕುಳಿತು, ಸ್ವಲ್ಪ ಹೊತ್ತಿಗೆ ನನ್ನ ಹೆಗಲಿಗೆ ಒರಗಿ ನಿದ್ದೆ ಹೋದ. ಕಮಲಾಪುರ ಬರುವವರೆಗೂ ದಸ್ತಿಯ ಮೂಲೆಯ ಹುಣಸೆಬೀಜ ನನ್ನ ಮುಷ್ಟಿಯಲ್ಲಿತ್ತು.