ಹಿಂದೆ ತಿರುಗಿ ನೋಡುವ ಪಾಠ

ಅನುಮಾನ ನನ್ನ ಹುಟ್ಟುಗುಣ. ಕಣ್ಣೆದುರೇ ಕರೆದ ಹಾಲಿಗೂ ನೀರು ಬಿದ್ದಿದೆ ಎನ್ನುವ ಜಾತಿ ನಾನು. ಈ ಗುಣ ಮೈದಾನದಲ್ಲಿ ಮಾತ್ರ ಉಪಯೋಗಕ್ಕೆ ಬಂತು. ತೊಂಬತ್ತರ ದಶಕದಲ್ಲಿ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಹಗಲು ಲೇತ್ ಕೆಲಸ, ಸಂಜೆ ಕಾರ್ಖಾನೆಯ ಫುಟ್‌ಬಾಲ್ ತಂಡದ ಮಿಡ್‌ಫೀಲ್ಡ್‌ನಲ್ಲಿ ಆಟ. ಚೆಂಡು ಕಾಲಿಗೆ ಬರುವ ಮುಂಚೆ ಎರಡು ಸಲ ಹಿಂದೆ ತಿರುಗಿ ನೋಡುತ್ತಿದ್ದೆ, ಯಾರಾದರೂ ಬರುತ್ತಿರಬಹುದು ಅಂತ. ಬರುತ್ತಲೇ ಇರುತ್ತಿದ್ದರು.

ಒಂದೇ ಒಂದು ಸಲ ನೋಡುವುದು ತಪ್ಪಿತು. ಹೆಬ್ಬಗೋಡಿಯ ಕಾರ್ಖಾನೆಯ ವಿರುದ್ಧದ ಪಂದ್ಯದಲ್ಲಿ ಅವರ ಡಿಫೆಂಡರ್ ಒಬ್ಬ ಪಕ್ಕದಿಂದ ಜಾರಿಕೊಂಡು ಬಂದ. ಚೆಂಡೂ ಹೋಯಿತು, ನನ್ನ ಬಲ ಮಂಡಿಯೂ ಹೋಯಿತು. ವಿಜಾಪುರದ ಕಡೆಯವನು, ಮಾತು ಕಮ್ಮಿ. ಮರುವಾರ ಮೂಸಂಬಿ ಹಿಡಿದು ಆಸ್ಪತ್ರೆಗೆ ಬಂದಿದ್ದ. ಏಟು ಸರಿಯಾಗಿ ಬಿದ್ದಿದೆಯೋ ಇಲ್ಲವೋ ನೋಡಿಕೊಂಡು ಹೋಗಲು ಬಂದಿದ್ದಾನೆ ಎಂದುಕೊಂಡು ಆ ಮೂಸಂಬಿಯನ್ನು ನಾನು ಮುಟ್ಟಲೇ ಇಲ್ಲ. ನನ್ನ ಹೆಂಡತಿ ಅಷ್ಟನ್ನೂ ತಿಂದಳು, ಅವಳಿಗೇನೂ ಆಗಲಿಲ್ಲ.

ಆಡುವುದು ಅಲ್ಲಿಗೆ ಮುಗಿಯಿತು. ಅದರ ಮುಂದಿನ ವರ್ಷ ನಮ್ಮ ಕೋಚ್ ನಿವೃತ್ತರಾದರು. "ಕೋಚಿಂಗ್ ಸರ್ಟಿಫಿಕೇಟ್ ತಗೊಂಡ್ ಬನ್ನಿ, ಟೀಮ್ ನಿಮ್ದು. ಇಲ್ದಿದ್ರೆ ಹೊರಗಿಂದ ಯಾರನ್ನಾದ್ರೂ ಕರೆಸ್ತೀವಿ" ಎಂದರು ಮ್ಯಾನೇಜರು. ನಾನು ಫೇಲಾಗಲಿ, ತಮ್ಮ ಕಡೆಯವರನ್ನು ತಂದು ಕೂರಿಸೋಣ ಎಂಬ ಲೆಕ್ಕ ಇರಬೇಕು ಎನಿಸಿತು. ಆದರೂ ಹೋದೆ. ಮೈದಾನ ಬಿಟ್ಟಿರುವುದು ನನ್ನಿಂದ ಆಗುತ್ತಿರಲಿಲ್ಲ.

ಮೂರು ವಾರದ ತರಬೇತಿ, ನಾಗಸಂದ್ರದ ಹತ್ತಿರದ ಒಂದು ಕೆಂಪು ಮಣ್ಣಿನ ಮೈದಾನದಲ್ಲಿ. ಮೊದಲ ಬೆಳಿಗ್ಗೆ ಕಂಡ ಮೊದಲ ಮುಖವೇ ಆ ಹೆಬ್ಬಗೋಡಿಯವನದು. ನಕ್ಕ. ನಾನು ಶೂ ದಾರ ಕಟ್ಟಿಕೊಳ್ಳುವವನಂತೆ ಬಗ್ಗಿದೆ.

ಕಲಿಸುವ ಮೇಷ್ಟ್ರು ವಯಸ್ಸಾದ ಒಬ್ಬ ಹಳೆಯ ಆಟಗಾರರು. ಕೊನೆಯ ಪರೀಕ್ಷೆಯ ಬಗ್ಗೆ ಅಂದೇ ಹೇಳಿದರು: ಒಬ್ಬೊಬ್ಬರೂ ಒಂದು ಪಾಠ ಮಾಡಬೇಕು, ಉಳಿದವರು ಆಟಗಾರರಾಗಿ ನಿಲ್ಲಬೇಕು. "ಆಟಗಾರ ತಪ್ಪು ಮಾಡ್ದಾಗ ಕೋಚ್ ಅದನ್ನ ಹಿಡೀಬೇಕು, ಆಟ ನಿಲ್ಲಿಸ್ಬೇಕು, ತಿದ್ದಬೇಕು. ಮಾರ್ಕ್ಸ್ ಅದಕ್ಕೇ. ನಿಮ್ಮ ಆಟಕ್ಕಲ್ಲ." ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ, ನಂಬಲಿಲ್ಲ. ನಾವು ಆಡುವಾಗಲೂ ಅವರು ಏನೋ ಗೀಚಿಕೊಳ್ಳುತ್ತಿದ್ದರು. ನಮ್ಮ ಆಟಕ್ಕೂ ಗುಟ್ಟಾಗಿ ಅಂಕ ಹಾಕುತ್ತಿದ್ದಾರೆ ಎಂದು ಲೆಕ್ಕ ಹಾಕಿದೆ.

ಹೆಬ್ಬಗೋಡಿಯವನು ದಿನಾ ಮಾರ್ಕೆಟ್‌ನಲ್ಲಿ ಬಸ್ ಬದಲಿಸಿಕೊಂಡು ಊರಿನ ಆ ತುದಿಯಿಂದ ಈ ತುದಿಗೆ ಬರುತ್ತಿದ್ದ. ಟೀ ಕುಡಿಯುವಾಗ ಒಮ್ಮೆ ತಾನಾಗಿಯೇ ಹೇಳಿದ: ಅವನ ಕಾರ್ಖಾನೆ ಬಾಗಿಲು ಹಾಕುವ ಹಾಗಿದೆ, ಸರ್ಜಾಪುರದ ಒಂದು ಶಾಲೆಯಲ್ಲಿ ಆಟದ ಮೇಷ್ಟ್ರ ಕೆಲಸ ಇದೆ, ಸರ್ಟಿಫಿಕೇಟ್ ತೋರಿಸಿದರೆ ಅದು ಅವನಿಗೇ. "ಇದೊಂದ ದಾರಿ ಐತ್ರಿ ನನಗ" ಎಂದ. ಕನಿಕರ ಗಿಟ್ಟಿಸಲು ಕಟ್ಟಿದ ಕಥೆ ಎಂದುಕೊಂಡು ತಲೆಯಾಡಿಸಿದೆ.

ಪರೀಕ್ಷೆಗೆ ಚೀಟಿ ಎತ್ತಿದೆವು. ನನಗೆ ಬಂದದ್ದು ಡಿಫೆಂಡರ್‌ಗಳ ಪಾಠ: ಒಬ್ಬ ಚೆಂಡಿನ ಮೇಲೆ ಹೋದರೆ ಇನ್ನೊಬ್ಬ ಅವನ ಹಿಂದೆ ಓರೆಯಾಗಿ ನಿಂತು ಕಾವಲಿರಬೇಕು. ಆ ಇನ್ನೊಬ್ಬನ ಜಾಗಕ್ಕೆ ಮೇಷ್ಟ್ರು ಹಾಕಿದ್ದು ಹೆಬ್ಬಗೋಡಿಯವನನ್ನೇ. ಹತ್ತು ವರ್ಷ ಡಿಫೆಂಡರ್ ಆಗಿದ್ದವನು ಬಂದು ಜೊತೆಗಾರನ ಪಕ್ಕಕ್ಕೇ ಒಂದೇ ಗೆರೆಯಲ್ಲಿ ನಿಂತ! ಚೆಂಡು ನಡುವಿನಿಂದ ಹೋಯಿತು. ವಿಸಿಲ್ ಊದಿ, ಭುಜ ಹಿಡಿದು ಹಿಂದಕ್ಕೆ ನಿಲ್ಲಿಸಿದೆ. ಮತ್ತೆ ಅದೇ ತಪ್ಪು. ಮತ್ತೆ ನಿಲ್ಲಿಸಿದೆ. ಮಂಡಿ ಮುರಿದದ್ದು ಸಾಲದೆ ಈಗ ಅನ್ನಕ್ಕೂ ಕಲ್ಲು ಹಾಕುತ್ತಿದ್ದಾನೆ ಎಂದು ಮೈ ಉರಿಯಿತು. ಮೂರನೆಯ ಸಲ ಹಲ್ಲು ಕಚ್ಚಿ, ಅವನ ಪಾದಗಳನ್ನೇ ತಿರುಗಿಸಿ ತೋರಿಸಿದೆ. ಆಮೇಲೆ ಸರಿಯಾಗಿ ನಿಂತ.

ಅವನ ಪರೀಕ್ಷೆ ಮರುದಿನ. ಅವನ ಪಾಠ, ಚೆಂಡು ಬರುವ ಮುಂಚೆ ಹಿಂದೆ ತಿರುಗಿ ನೋಡುವುದು. ಮಧ್ಯದಲ್ಲಿ ನಿಂತು ಎಲ್ಲ ಪಾಸುಗಳನ್ನೂ ತೆಗೆದುಕೊಳ್ಳಬೇಕಾದವನು ನಾನು. ಶುರುವಾಗುವ ಮುಂಚೆ ನೀರಿನ ಡ್ರಮ್ಮಿನ ಹತ್ತಿರ ಬಂದು ಮೆಲ್ಲಗೆ ಕೇಳಿದ: "ಅಣ್ಣಾರ, ಒಂದೆರಡ ಸಲ ಹಿಂದ ನೋಡಲಾರ್ದ ತಗೋರಿ. ನನಗ ತಿದ್ದಾಕ ಏನರ ಬೇಕಲ್ರಿ."

"ನೋಡೋಣ ಬಿಡಿ" ಎಂದೆ. ಮೇಷ್ಟ್ರ ಮುಂದೆ ನನ್ನ ಮರ್ಯಾದೆ ತೆಗೆಸುವ ಹೂಟ ಎಂದು ಆ ಗಳಿಗೆಯಲ್ಲೇ ತೀರ್ಮಾನಿಸಿದ್ದೆ. ಅವನಿಗೆ ಬುದ್ಧಿ ಬರಲೆಂದು ಒಂದು ಕೂದಲೆಳೆಯಷ್ಟೂ ತಪ್ಪಿಲ್ಲದೆ ಆಡಿದೆ. ಪ್ರತಿ ಪಾಸಿಗೂ ಎರಡು ಸಲ ತಿರುಗಿ ನೋಡಿದೆ. ಅವನು ವಿಸಿಲ್ಲನ್ನು ಬಾಯಿಗೆ ಇಡುತ್ತಿದ್ದ, ನನ್ನ ಮುಖ ನೋಡುತ್ತಿದ್ದ, ತೆಗೆಯುತ್ತಿದ್ದ. ಇಪ್ಪತ್ತು ನಿಮಿಷದಲ್ಲಿ ಆ ವಿಸಿಲ್ ಒಂದು ಸಲವೂ ಕೂಗಲಿಲ್ಲ. ನನಗೆ ಖುಷಿಯಾಯಿತು. ಇದನ್ನು ಬರೆಯಲು ಇವತ್ತಿಗೂ ನಾಚಿಕೆಯಾಗುತ್ತದೆ.

ಕೊನೆಯ ದಿನ ಮೇಷ್ಟ್ರು ಒಬ್ಬೊಬ್ಬರನ್ನೇ ಕರೆದು ಫಲಿತಾಂಶ ಹೇಳಿದರು. ನಾನು ಪಾಸು. "ನಿಮ್ಮನ್ನ ಉಳಿಸ್ದೋನು ಆ ಹೆಬ್ಬಗೋಡಿ ಹುಡ್ಗ ಕಣ್ರೀ" ಎಂದರು. "ಡಿಫೆಂಡರ್ ಆದೋನಿಗೆ ಅಲ್ಲಿ ನಿಲ್ಬಾರ್ದು ಅಂತ ಗೊತ್ತಿರಲ್ವಾ? ಬೇಕಂತ ನಿಂತ. ನೀವು ಹಿಡೀಲಿ ಅಂತ ಮೂರು ಸಲಾನೂ ನಿಂತ. ನಿಮ್ಮೆಲ್ಲಾ ಮಾರ್ಕ್ಸೂ ಅಲ್ಲೇ ಬಂದಿದ್ದು."

"ಅವ್ರದ್ದು ಏನಾಯ್ತು ಸಾರ್?"

"ತಿದ್ದಿದ್ದೇ ಇಲ್ವಲ್ಲ, ಏನಂತ ಮಾರ್ಕ್ಸ್ ಹಾಕ್ಲಿ?"

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತಾರೆ. ನನ್ನ ಕಾಮಾಲೆ ಅವನ ಕೆಲಸವನ್ನು ತಿಂದಿತ್ತು.

ಆ ಮಂಡಿಯಲ್ಲೇ ತುಮಕೂರು ರಸ್ತೆಯ ಬಸ್ ಸ್ಟಾಪಿನವರೆಗೂ ಓಡಿದೆ. ಲಾರಿಗಳ ಧೂಳಿನಲ್ಲಿ ಚೀಲ ಹಿಡಿದು ನಿಂತಿದ್ದ. ಏದುಸಿರು ಬಿಡುತ್ತಾ, "ತಪ್ಪಾಯ್ತು ಕಣ್ರೀ. ಮುಂದಿನ ಸಲ ನಿಮ್ ಪರೀಕ್ಷೆಗೆ ನಾನೇ ಬಂದು ಆಡ್ತೀನಿ. ಎಷ್ಟ್ ತಪ್ಪು ಬೇಕೋ ಅಷ್ಟು ಮಾಡ್ತೀನಿ. ನಿಮ್ಮ ಶಾಲೆಯವ್ರ ಹತ್ರಾನೂ ಬಂದು ಮಾತಾಡ್ತೀನಿ" ಎಂದೆ.

ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಮೂರು ವಾರದಿಂದ ನಾನು ಅವನನ್ನು ನೋಡುತ್ತಿದ್ದದ್ದು ಹಾಗೆಯೇ.

"ಯಾಕ್ರೀ? ಇದ್ರಾಗ ಏನ್ ಹೂಟ ಐತ್ರಿ ನಿಮ್ದು?"

ಅಷ್ಟರಲ್ಲಿ ಮಾರ್ಕೆಟ್ ಬಸ್ಸು ಬಂತು. ಹತ್ತುವ ಮುಂಚೆ ಅವನು ಎರಡು ಸಲ ಹಿಂದೆ ತಿರುಗಿ ನೋಡಿದ, ನಾನು ಹಿಂದೆ ಬರುತ್ತಿಲ್ಲ ಎಂದು ಖಾತ್ರಿ ಮಾಡಿಕೊಳ್ಳಲು.